ಇವತ್ತು ರಜೆ, ನಾಳೆ ಬನ್ನಿ

ಬಾಲಕಿಯರ ಹಾಸ್ಟೆಲ್
ಶಿಕಾರಿಪುರ
11 ನವೆಂಬರ್ 2024

ಹೊಂಗೆಕೊಪ್ಪ ಗ್ರಾಮ ಪಂಚಾಯಿತಿಯ ಪಿಡಿಒ ಮೇಡಂ ಅವರಿಗೆ,

ಮೊದಲಿಗೇ ಸಾರಿ ಕೇಳುತ್ತೇನೆ. ನಿಮಗೆ ಪತ್ರ ಬರೆಯುವ ಹಕ್ಕು ನನಗೆ ಇದೆಯೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಪಂಚಾಯಿತಿಯ ವೋಟರ್ ಲಿಸ್ಟಿನಲ್ಲಿ ನನ್ನ ಹೆಸರಿಲ್ಲ, ಹದಿನೆಂಟು ತುಂಬಿ ಎರಡೇ ತಿಂಗಳಾಯಿತು. ಜಮೀನೂ ನನ್ನ ಹೆಸರಿನಲ್ಲಿಲ್ಲ. ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಒಂದು ಸಲ ಇಂಗ್ಲಿಷಿನಲ್ಲಿ ಬರೆದೆ, ಧೈರ್ಯ ಜಾಸ್ತಿ ಬಂತು, ಆದರೆ ಅದು ನಾನು ಬರೆದ ಹಾಗೆ ಇರಲಿಲ್ಲ.

ನನ್ನ ಹೆಸರು ದಿವ್ಯ. ಇಲ್ಲಿ ಬಿ.ಎ. ಮೊದಲ ವರ್ಷ. ಸೊರಬದ ರಸ್ತೆಯಲ್ಲಿ ನಿಮ್ಮ ಪಂಚಾಯಿತಿಯ ಗಡಿ ಮುಗಿಯುವ ಮೊದಲು ಬಲಕ್ಕೆ ಒಂದು ನರ್ಸರಿ ಇದೆಯಲ್ಲ, ಅದು ನಮ್ಮದು. ಗೇಟಿನ ಮೇಲೆ ಕೆಂಪು ಅಕ್ಷರ ಓಡುವ ಎಲ್‌ಇಡಿ ಬೋರ್ಡಿದೆ. ಪಹಣಿ ನಮ್ಮ ಅವ್ವ ಹೂವಮ್ಮನ ಹೆಸರಿನಲ್ಲಿದೆ. ಸಸಿ ನೋಡಿಕೊಳ್ಳುವುದು ಅಪ್ಪ, ಚೌಡಪ್ಪ.

ಹೋದ ವಾರ ಅಪ್ಪ ಬಸ್ಸಿನ ಕಂಡಕ್ಟರ್ ಕೈಲಿ ಚಟ್ನಿಪುಡಿ ಡಬ್ಬಿ ಕಳಿಸಿದ್ದರು. ಮುಚ್ಚಳದ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ನಿಮ್ಮ ಪ್ರಕಟಣೆಯನ್ನು ಸಿಕ್ಕಿಸಿದ್ದರು: ‘ಕೃಷಿ ಜಮೀನುಗಳಲ್ಲಿ ವ್ಯಾಪಾರದ ವಿದ್ಯುನ್ಮಾನ ಫಲಕಗಳ ನಿಯಂತ್ರಣ, ಕರಡು ನಿಯಮ.’ ಅದರ ಹಿಂದೆ ಪೆನ್ಸಿಲಿನಲ್ಲಿ, ‘ಇದು ಎಂತ ಹೇಳ್ತದೆ ಓದಿ ತಿಳ್ಸು ಕೂಸೇ. ನಮ್ಮ ಬೋರ್ಡು ತೆಗೀಬೇಕನಾ?’

ನಾನು ಓದಿದೆ. ರಸ್ತೆಯಿಂದ ಐವತ್ತು ಮೀಟರಿನೊಳಗೆ ಓಡುವ ಅಕ್ಷರ ಇರಬಾರದು. ಆ ಜಮೀನಿನಲ್ಲಿ ಬೆಳೆದದ್ದನ್ನು ಬಿಟ್ಟು ಬೇರೆ ವಿಷಯ ಬರಬಾರದು. ಏನಾದರೂ ಹೇಳುವುದಿದ್ದರೆ ಮೂವತ್ತು ದಿನದೊಳಗೆ ಲಿಖಿತವಾಗಿ ಹೇಳಬೇಕು. ಲಿಖಿತವಾಗಿ ಅಂದಿದ್ದಕ್ಕೇ ಧೈರ್ಯ ಮಾಡಿದೆ. ಫೋನಿನಲ್ಲಾದರೆ ನನಗೆ ಬಾಯೇ ಬರುವುದಿಲ್ಲ.

ಆದರೆ ಮೇಡಂ, ಎಲ್ಲರೂ ನಮ್ಮ ಬೋರ್ಡು ಉಳಿಸಿ ಎಂದು ಬರೆಯುತ್ತಾರೆ. ನಾನು ಆರಿಸಿ ಎಂದು ಬರೆಯುತ್ತಿದ್ದೇನೆ. ಬೇರೆಯವರದನ್ನು ಏನಾದರೂ ಮಾಡಿಕೊಳ್ಳಿ, ನಮ್ಮದಕ್ಕೆ ರಿಯಾಯಿತಿ ಕೊಡಬೇಡಿ. ಅಪ್ಪ ಬಂದು ಕೇಳಿದರೂ ಕೊಡಬೇಡಿ. ಡ್ರೈವರ್‌ಗಳ ಕಣ್ಣಿಗೆ ಹೊಡೆಯುತ್ತದೆ, ಹುಳ ಮುತ್ತುತ್ತವೆ, ಯಾವ ಕಾರಣ ಬೇಕಾದರೂ ಹಾಕಿ. ಈ ಪತ್ರ ಬರೆದದ್ದು ನಾನು ಎಂದು ಮನೆಯಲ್ಲಿ ಗೊತ್ತಾಗದಿದ್ದರೆ ಸಾಕು.

ತಪ್ಪು ಬರೆದಿದ್ದರೆ ಕ್ಷಮಿಸಿ.

ನಿಮ್ಮ ವಿಧೇಯ,
ದಿವ್ಯ ಸಿ.


ಗ್ರಾಮ ಪಂಚಾಯಿತಿ ಕಾರ್ಯಾಲಯ
ಹೊಂಗೆಕೊಪ್ಪ, ಸೊರಬ ತಾಲ್ಲೂಕು
20 ನವೆಂಬರ್ 2024

ಕುಮಾರಿ ದಿವ್ಯ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಕರಡು ನಿಯಮದ ಮೇಲೆ ಇದುವರೆಗೆ ಹದಿನಾಲ್ಕು ಪತ್ರಗಳು ಬಂದಿವೆ. ಹದಿಮೂರು ಜನ ಫಲಕ ಇರಲಿ ಎಂದಿದ್ದಾರೆ. ಕೋಳಿ ಫಾರಂನವರು, ಆಲೆಮನೆಯವರು, ಗದ್ದೆಯ ಬದುವಿನಲ್ಲಿ ಬೋರ್‌ವೆಲ್ ಜಾಹೀರಾತಿಗೆ ಕಂಬ ನೆಡಿಸಿಕೊಂಡವರು, ಎಲ್ಲರೂ ಇದ್ದಾರೆ. ತನ್ನ ಮನೆಯ ಫಲಕವನ್ನೇ ಆರಿಸಿ ಎಂದವರು ನೀವೊಬ್ಬರು.

ಈ ನಿಯಮ ಯಾರ ಮೇಲಿನ ಸಿಟ್ಟಿಗೂ ಅಲ್ಲ. ರಸ್ತೆಯ ಪಕ್ಕದ ಹೊಲಗಳಲ್ಲಿ ಎರಡು ವರ್ಷದಲ್ಲಿ ಹನ್ನೊಂದು ಫಲಕಗಳು ಎದ್ದಿವೆ. ಯಾವುದಕ್ಕೂ ಅಳತೆ ಇಲ್ಲ, ಪರವಾನಗಿ ಇಲ್ಲ. ನಿಮ್ಮದು ಪಟ್ಟಿಯಲ್ಲಿ ಏಳನೆಯದು. ಅದರ ಮೇಲೆ ಎದುರು ಮನೆಯ ಉಜ್ಜಪ್ಪ ಎಂಬುವವರು ಮೊದಲೇ ಬಾಯಿಮಾತಿನಲ್ಲಿ ದೂರಿದ್ದಾರೆ. ಏಕೆ ಎಂದು ಕೇಳಿದರೆ, ‘ನಮ್ಮವ್ವ ಹೆದರ್ತಾಳೆ’ ಎನ್ನುತ್ತಾರೆ. ಅದನ್ನು ಕಡತದಲ್ಲಿ ಹೇಗೆ ಬರೆಯುವುದು ಎಂದು ನನಗೆ ತಿಳಿಯಲಿಲ್ಲ.

ಹೆಸರಿಲ್ಲದ ಅರ್ಜಿಯನ್ನು ನಾವು ಪರಿಗಣಿಸುವಂತಿಲ್ಲ. ಹೆಸರನ್ನು ಬಹಿರಂಗ ಮಾಡದಿರಬಹುದು. ಆದರೆ ನಿಜವಾದ ಕಾರಣ ಬೇಕು. ಫಲಕದಲ್ಲಿ ಏನು ಬರೆದಿದೆ?

ಇಂತಿ,
ಯಶೋಧರಾ
ಪಂಚಾಯಿತಿ ಅಭಿವೃದ್ಧಿ ಅಧಿಕಾರಿ

ಸೂಚನೆ: ನಾನು ಈ ಕಚೇರಿಗೆ ಬಂದು ಆರು ವಾರವಾಯಿತಷ್ಟೆ. ಆನವಟ್ಟಿಯಿಂದ ಬರುವುದರಿಂದ ನಿಮ್ಮ ಗೇಟಿನ ಮುಂದೆ ಹಾಯುವುದಿಲ್ಲ.


ಶಿಕಾರಿಪುರ
25 ನವೆಂಬರ್ 2024

ಮೇಡಂ,

ನೀವು ನಮ್ಮ ಗೇಟಿನ ಮುಂದೆ ಹಾಯುವುದಿಲ್ಲ ಎಂದು ಓದಿ ನನಗೆ ಖುಷಿಯಾಯಿತು, ಯಾಕೋ ಗೊತ್ತಿಲ್ಲ.

ಬೋರ್ಡಿನಲ್ಲಿ ಹೀಗೆ ಬರುತ್ತದೆ: ‘ಇವತ್ತು ನರ್ಸರಿ ರಜೆ. ತಂಗಿ ನೋಡಲು ಹೋಗಿದ್ದೇನೆ. ನಾಳೆ ಬನ್ನಿ.’

ಬರೆದದ್ದು ನನ್ನ ಅಣ್ಣ ಶ್ರೀನಾಥ. ತಂಗಿ ನಾನು. ಬರೆದ ದಿನ ಸೆಪ್ಟೆಂಬರ್ ಎರಡು, ಸೋಮವಾರ. ಅವತ್ತು ಸಂಜೆ ಕತ್ತಲಾಗುವ ಹೊತ್ತಿಗೆ ಶಿಕಾರಿಪುರದಿಂದ ವಾಪಸ್ ಬರುವಾಗ ಶಿರಾಳಕೊಪ್ಪ ದಾಟಿದ ಮೇಲೆ ಜಲ್ಲಿ ತುಂಬಿದ ಒಂದು ಟ್ರೇಲರ್ ರಸ್ತೆಯಲ್ಲೇ ನಿಂತಿತ್ತು. ಅದರ ಹಿಂದೆ ಒಂದು ಕೆಂಪು ದೀಪವೂ ಇರಲಿಲ್ಲ. ಅಣ್ಣನ ಬೈಕು ಅದಕ್ಕೆ ಹೊಡೆಯಿತು. ಅಷ್ಟೇ.

ಬೋರ್ಡು ತಂದವನೂ ಅವನೇ. ಅದರಲ್ಲಿ ಏನು ಬರೆಯಬೇಕಾದರೂ ಅವನ ಫೋನಿನಿಂದಲೇ ಬರೆಯಬೇಕಿತ್ತು. ಫೋನು ಅವನ ಜೇಬಿನಲ್ಲೇ ಪುಡಿಯಾಯಿತು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಅದೇ ಮಾತು ಈಗಲೂ ಓಡುತ್ತಿದೆ. ಕರೆಂಟು ಹೋದರೆ ನಿಲ್ಲುತ್ತದೆ. ಬಂದ ಕೂಡಲೆ ಮೊದಲಿನಿಂದ ಶುರು: ‘ಇವತ್ತು.’ ಮೇಡಂ, ಅದೊಂದು ಪದ ಹಳೆಯದಾಗುವುದೇ ಇಲ್ಲ. ಯಾವ ದಿನ ನೋಡಿದರೂ ಇವತ್ತೇ ಅವನು ಹೋಗಿದ್ದಾನೆ.

ಪಂಪ್ ಶೆಡ್ಡಿನಲ್ಲಿ ಸ್ವಿಚ್ಚಿದೆ, ಆರಿಸಬಹುದು. ಅವ್ವ ಬಿಡುವುದಿಲ್ಲ. ಸಂಜೆಯಾದರೆ ಬೋರ್ಡಿನ ಎದುರಿಗೆ ಮಣ್ಣು ತುಂಬುವ ಚೀಲಗಳ ರಾಶಿಯ ಮೇಲೆ ಕೂತು ಆ ಅಕ್ಷರಗಳನ್ನು ನೋಡುತ್ತಾಳೆ. ಬಾಯಿ ಬಿಡುವುದಿಲ್ಲ. ಆ ‘ತಂಗಿ’ ಅನ್ನುವಲ್ಲಿಗೆ ಬಂದಾಗ ಅವಳು ನನ್ನ ಬಗ್ಗೆ ಏನು ಅಂದುಕೊಳ್ಳುತ್ತಾಳೋ. ಹೋಗುವಾಗ ಅಣ್ಣ ಅವಳಿಗೆ ‘ಪ್ಲಾಸ್ಟಿಕ್ ಚೀಲ ತರೋಕೆ ಶಿಕಾರಿಪುರಕ್ಕೆ ಹೋಗ್ತೀನಿ’ ಎಂದಿದ್ದನಂತೆ. ‘ಅವ್ವಂಗೆ ಹೇಳ್ಬೇಡ’ ಎಂದು ನಾನೇ ಫೋನಿನಲ್ಲಿ ಹೇಳಿದ್ದೆ. ಹಾಸ್ಟೆಲಿಗೆ ಬಂದು ಎಂಟು ದಿನವಾಗಿತ್ತು. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು, ಆದರೂ ಇಲ್ಲಿ ಇರಲಾಗದೆ ಬೆಳಿಗ್ಗೆ ಅವನಿಗೆ ಫೋನ್ ಮಾಡಿ ಅತ್ತೆ. ಅದಕ್ಕೇ ಅವನು ಹೊರಟ. ಗಿರಾಕಿಗಳು ಸುಮ್ಮನೆ ಬಂದು ಹೋಗಬಾರದು ಎಂದು ಬೋರ್ಡಿನಲ್ಲಿ ಬರೆದ.

ಉಜ್ಜಪ್ಪ ಮಾವನ ಅವ್ವ ಹನುಮಮ್ಮಜ್ಜಿ ಹೆದರುವುದು ಯಾಕೆ ಎಂದು ಹೇಳುತ್ತೇನೆ. ಅವರ ಕಾಲದಲ್ಲಿ ಊರಿಗೆ ದೆವ್ವ ಬರುತ್ತದೆ ಎಂದಾಗ ಎಲ್ಲರ ಬಾಗಿಲ ಮೇಲೂ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆಯುತ್ತಿದ್ದರಂತೆ. ದೆವ್ವ ಅದನ್ನು ಓದಿ ತಿರುಗಿ ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ತಿಥಿ ಮುಗಿದ ದಿನ ಅಜ್ಜಿ ನನ್ನನ್ನು ಮೂಲೆಗೆ ಕರೆದು ಹೇಳಿದರು: ‘ಕೂಸೇ, ಅವನ ಮನೆಗೆ ಅವನು ಬರೋದು ಬ್ಯಾಡನಾ? ದಿನಾ ಗೇಟಿನ ತಂಕ ಬಂದು, ತಾನೇ ಬರೆದಿದ್ದು ತಾನೇ ಓದಿ, ತಿರುಗಿ ಹೋಗ್ತಾನೆ. ಅದ್ನ ಆರ್ಸಿ.’ ನಾನು ಪೊಲಿಟಿಕಲ್ ಸೈನ್ಸ್ ಓದುವವಳು, ಇದನ್ನು ನಂಬುವುದಿಲ್ಲ. ನಂಬುವುದಿಲ್ಲ ಎಂದು ದಿನಾ ಹೇಳಿಕೊಳ್ಳಬೇಕಾಗಿದೆ.

ದೀಪಾವಳಿಗೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನವರು ಬೋರ್ಡನ್ನು ಜೋರಾಗಿ ಓದಿದರು. ‘ಎಂಥ ತಂಗಿನೋ ಮಾರಾಯ, ಎರಡು ತಿಂಗಳಾತು, ಇನ್ನೂ ನೋಡಿ ಮುಗಿದಿಲ್ಲ ಇವಂಗೆ!’ ಇಡೀ ಬಸ್ಸು ನಕ್ಕಿತು. ನಾನು ನಮ್ಮ ಗೇಟಿನಲ್ಲಿ ಇಳಿಯಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆ.

ಈ ಕಾರಣ ಸಾಕಾಗುತ್ತದೆಯೇ?

ನಿಮ್ಮವಳು,
ದಿವ್ಯ


ಹೊಂಗೆಕೊಪ್ಪ
10 ಡಿಸೆಂಬರ್ 2024

ದಿವ್ಯ ಅವರಿಗೆ,

ಉತ್ತರ ತಡವಾಯಿತು. ನಿಮ್ಮ ಪತ್ರವನ್ನು ಕಡತಕ್ಕೆ ಸೇರಿಸಿಲ್ಲ, ಮನೆಗೆ ತಂದಿಟ್ಟುಕೊಂಡಿದ್ದೇನೆ. ಅದು ತಪ್ಪು. ಆದರೂ ಹಾಗೇ ಮಾಡಿದ್ದೇನೆ.

ಶನಿವಾರದ ಸಾಮಾನ್ಯ ಸಭೆಯಲ್ಲಿ ನಿಯಮಕ್ಕೆ ಒಪ್ಪಿಗೆ ಸಿಕ್ಕಿತು. ಗಲಾಟೆ ಆಯಿತು. ಕೋಳಿ ಫಾರಂನವರು, ‘ನಾವು ಬೋರ್ಡು ಹಾಕಿದ್ರೆ ರೂಲು, ಎಲೆಕ್ಷನ್ನಿಗೆ ನೀವು ಹಾಕಿದ್ರೆ ಪ್ರಚಾರನಾ?’ ಎಂದು ಕೇಳಿದರು. ಸದಸ್ಯರು ಚಹಾ ತರಿಸಿದರು. ಕೊನೆಗೆ ಓಡುವ ಅಕ್ಷರಗಳನ್ನು ನಿಲ್ಲಿಸುವುದು, ಬೆಳೆದ ವಸ್ತುವಿನ ಹೆಸರು ಮಾತ್ರ ಬರೆಯುವುದು, ರಾತ್ರಿ ಒಂಬತ್ತಕ್ಕೆ ಆರಿಸುವುದು, ಇವು ಮೂರು ಉಳಿದವು. ನಿಮ್ಮ ಫಲಕ ಮೂರಕ್ಕೂ ವಿರುದ್ಧವಾಗಿದೆ. ನೀವು ಪತ್ರ ಬರೆಯದಿದ್ದರೂ ಅದು ಆರಲೇಬೇಕಿತ್ತು. ಆ ಭಾರವನ್ನು ನಿಮ್ಮ ತಲೆಯಿಂದ ಇಳಿಸಿ.

ಜನವರಿ ಆರಕ್ಕೆ ಸ್ಥಳ ಪರಿಶೀಲನೆಗೆ ಬರುತ್ತೇನೆ. ಫಲಕದ ಅಳತೆ, ಅದರಲ್ಲಿ ಬರೆದಿರುವುದು, ಎಲ್ಲವನ್ನೂ ಇಬ್ಬರು ಸಾಕ್ಷಿಗಳ ಎದುರು ಮಹಜರು ಬರೆಯಬೇಕು. ಪಹಣಿದಾರರಾದ ನಿಮ್ಮ ತಾಯಿಯವರು ಅದನ್ನು ಓದಿ ಸಹಿ ಮಾಡಬೇಕು. ಆಮೇಲೆ ಏಳು ದಿನದ ಗಡುವು. ತಾಯಿಯವರು ಓದುಬರಹ ಬಲ್ಲವರೇ? ಅಲ್ಲದಿದ್ದರೆ ವಿಧಾನ ಬೇರೆ. ಇದೊಂದು ತಿಳಿಸಿ.

ಇನ್ನೊಂದು ಮಾತು, ಅಧಿಕಾರಿಯಾಗಿ ಅಲ್ಲ. ನಾನು ಬರುವ ಮೊದಲು ನೀವೇ ಒಮ್ಮೆ ತಾಯಿಯ ಹತ್ತಿರ ಮಾತಾಡಿದರೆ ಒಳ್ಳೆಯದು.

ಯಶೋಧರಾ


ಶಿಕಾರಿಪುರ
27 ಡಿಸೆಂಬರ್ 2024

ಮೇಡಂ,

ಕ್ರಿಸ್‌ಮಸ್ ರಜೆಗೆ ಒಂದು ದಿನ ಊರಿಗೆ ಹೋಗಿದ್ದೆ. ಮಾತಾಡಬೇಕು ಎಂದೇ ಹೋದೆ. ಬಸ್ಸಿನಲ್ಲಿ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಸಂಜೆ ಅವ್ವ ಚೀಲದ ರಾಶಿಯ ಮೇಲೆ ಕೂತಿದ್ದಳು. ಕೈಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು, ಕಣ್ಣು ಬೋರ್ಡಿನ ಮೇಲೆ. ಕೆಂಪು ಬೆಳಕು ಅವಳ ಮುಖದ ಮೇಲೆ ಹಾದು ಹಾದು ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಪಂಪ್ ಶೆಡ್ಡಿಗೆ ಹೋಗಿ ಸ್ವಿಚ್ ಒತ್ತಿಬಿಟ್ಟೆ.

‘ಯಾಕೆ ನಿಂತೋತು?’ ಎಂದು ಅವ್ವ ಕೂಗಿದಳು. ಅವಳ ಗಂಟಲಿನಿಂದ ಅಂಥ ದನಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ‘ನೋಡಿ, ನೋಡಿ, ಯಾಕೆ ನಿಂತೋತು?’ ಅಪ್ಪ ನರ್ಸರಿಯೊಳಗಿನಿಂದ ಓಡಿ ಬಂದರು. ನಾನು ಮತ್ತೆ ಹಾಕಿದೆ. ‘ಕರೆಂಟು ಹೋಗಿತ್ತು ಅವ್ವ’ ಎಂದೆ. ‘ಹಂಗನಾ’ ಎಂದು ಕೂತಳು. ‘ಇವತ್ತು’ ಎಂದು ಬಂತು. ನಾನು ಬಾಯಿಪಾಠ ಮಾಡಿದ್ದೆಲ್ಲ ಅಲ್ಲೇ ಮರೆತುಹೋಯಿತು.

ಅಪ್ಪನೂ ನಾನೂ ಆ ವಿಷಯ ಎತ್ತುವುದಿಲ್ಲ. ಬಸ್ಸು ಹತ್ತಿಸುವಾಗ ಅಪ್ಪ, ‘ಮೇಡಮ್ಮೋರು ಬರ್ತಾರಂತೆ ಅಳತೆಗೆ’ ಎಂದರು. ‘ಹೌದಂತೆ’ ಎಂದೆ. ಅಷ್ಟೇ.

ಇಲ್ಲಿ ಹಾಸ್ಟೆಲಿನಲ್ಲಿ ದಿವ್ಯ ಅನ್ನುವವರು ಇಬ್ಬರಿದ್ದೇವೆ. ನಮ್ಮ ಆಯಾ ವಿನೋದಕ್ಕ ಕೆಳಗಿನಿಂದ ‘ದಿವ್ಯಾ, ನಿನ್ನ ನೋಡಾಕ ಬಂದಾರ’ ಎಂದು ಕೂಗುತ್ತಾರೆ. ಪ್ರತಿ ಸಲವೂ ಅದು ಇನ್ನೊಬ್ಬಳಿಗೆ. ಪ್ರತಿ ಸಲವೂ ನಾನು ಎದ್ದು ಮೆಟ್ಟಿಲವರೆಗೆ ಹೋಗಿರುತ್ತೇನೆ. ಗೇಟಿನ ಹತ್ತಿರ ಒಂದು ವಿಸಿಟರ್ಸ್ ಬುಕ್ ಇದೆ. ಯಾರೂ ಇಲ್ಲದಾಗ ಸೆಪ್ಟೆಂಬರ್ ಎರಡರ ಪುಟ ತೆಗೆದು ನೋಡುತ್ತೇನೆ. ಅಲ್ಲಿ ಅವನ ಅಕ್ಷರ ಇದೆ. ಹೆಸರು, ಊರು, ಸಂಬಂಧ: ಅಣ್ಣ. ಬಂದ ಹೊತ್ತು, ಹೋದ ಹೊತ್ತು. ಅದರ ಮೇಲೆ ಬೆರಳಿಟ್ಟರೆ ಪೆನ್ನು ಒತ್ತಿ ಬರೆದದ್ದು ಗೊತ್ತಾಗುತ್ತದೆ.

ನೀವು ಕೇಳಿದ್ದಕ್ಕೆ: ಅವ್ವ ಎಸ್ಸೆಸ್ಸೆಲ್ಸಿ ಓದಿದ್ದಾಳೆ. ಓದಿ ಸಹಿ ಮಾಡುತ್ತಾಳೆ.

ನನ್ನ ಹೆಸರು ಬರದ ಹಾಗೆ ನೋಡಿಕೊಳ್ಳಿ ಪ್ಲೀಸ್.

ದಿವ್ಯ


ಹೊಂಗೆಕೊಪ್ಪ
7 ಜನವರಿ 2025

ದಿವ್ಯ,

ನಿನ್ನೆ ನಿಮ್ಮ ಮನೆಗೆ ಹೋಗಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇನ್ನು ನಿಮ್ಮನ್ನು ನೀವು ಎನ್ನಲು ಆಗುವುದಿಲ್ಲ, ನೀನು ಎನ್ನುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ಸಂಜೆ ಐದರ ಹೊತ್ತಿಗೆ ಹೋದೆವು. ಸಾಕ್ಷಿಗೆ ಉಜ್ಜಪ್ಪ, ಮತ್ತೆ ನಮ್ಮ ನೀರು ಬಿಡುವ ಕೆಂಪಪ್ಪ. ಕೆಂಪಪ್ಪ ಏಣಿ ಹತ್ತಿ ಟೇಪು ಹಿಡಿದ. ಉಜ್ಜಪ್ಪ ಕೆಳಗಿನಿಂದ, ‘ಬಿಗಿಯಾಗಿ ಹಿಡಿಯೋ, ಕುಬಸದ ಅಳತೆ ಅಲ್ಲ ಅದು’ ಎಂದು ರೇಗಿಸುತ್ತಿದ್ದರು. ನಿನ್ನ ತಂದೆ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಅಲ್ಲಿಯವರೆಗೆ ಇನ್ನೆಲ್ಲ ಮಹಜರುಗಳ ಹಾಗೆಯೇ ಇತ್ತು.

ಕಾಗದ ಬರೆದು ಮುಗಿಸಿ ನಿನ್ನ ತಾಯಿಯ ಕೈಗೆ ಕೊಟ್ಟು ಪೆನ್ನನ್ನೂ ಕೊಟ್ಟೆ. ಅವರು ಪೆನ್ನು ತೆಗೆದುಕೊಳ್ಳಲಿಲ್ಲ. ಎಡಗೈಯ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಮುಂದೆ ಚಾಚಿದರು.

ನಾನು ಆಗಲೇ ನಿಲ್ಲಿಸಬೇಕಿತ್ತು. ಆದರೆ ಹದಿನೇಳು ವರ್ಷದ ಅಭ್ಯಾಸ. ಹೆಬ್ಬೆಟ್ಟು ಒತ್ತುವವರಿಗೆ ಕಾಗದವನ್ನು ಪೂರ್ತಿ ಓದಿ ಹೇಳಬೇಕು. ‘ಓದಿ ಹೇಳಿ ಹೆಬ್ಬೆಟ್ಟು ಪಡೆಯಲಾಯಿತು’ ಎಂದು ಕೊನೆಗೆ ಬರೆಯಬೇಕು. ಓದತೊಡಗಿದೆ. ಉದ್ದ ಎಂಟಡಿ, ಎತ್ತರ ಒಂದೂವರೆ ಅಡಿ, ಬಣ್ಣ ಕೆಂಪು. ಫಲಕದಲ್ಲಿ ಈ ಕೆಳಗಿನಂತೆ ಬರೆದಿದೆ. ಅದನ್ನೂ ಓದಿದೆ. ಕೆಂಪಪ್ಪ ಏಣಿಯ ಮೇಲೆ ಕೆಮ್ಮಿದ. ನಿನ್ನ ತಂದೆ, ‘ಮೇಡಮ್ಮೋರೇ’ ಎಂದರು. ಅಷ್ಟರಲ್ಲಿ ‘ನಾಳೆ ಬನ್ನಿ’ ಎಂಬುದೂ ಮುಗಿದಿತ್ತು.

ನಿನ್ನ ತಾಯಿ ಬೋರ್ಡನ್ನೇ ನೋಡುತ್ತಿದ್ದರು. ಅದರತ್ತ ಬೆರಳು ತೋರಿಸಿ ಕೇಳಿದರು: ‘ಹಂಗಾರೆ ಇದು ನನ್ನ ಹೆಸರಲ್ಲನಾ?’

ಬೋರ್ಡು ತಂದ ದಿನ ನಿನ್ನ ಅಣ್ಣ ಅವರನ್ನು ಅಲ್ಲೇ ನಿಲ್ಲಿಸಿ ತೋರಿಸಿದನಂತೆ. ‘ಅವ್ವ, ಹೂವಮ್ಮ ನರ್ಸರಿ ಅಂತ ಬರ್ದೀನಿ. ನೋಡು, ನಿನ್ನ ಹೆಸರು ಓಡ್ತಾ ಐತೆ.’ ಈ ನಾಲ್ಕು ತಿಂಗಳೂ ಅವರು ಸಂಜೆ ಕೂತು ನೋಡಿದ್ದು, ಮಗ ಬರೆದ ತನ್ನ ಹೆಸರನ್ನು. ಊರಿನ ಪ್ರತಿಯೊಬ್ಬರೂ ಅದನ್ನು ಓದಿದ್ದಾರೆ. ಒಬ್ಬರೂ ಅವರಿಗೆ ಓದಿ ಹೇಳಿಲ್ಲ. ಉಜ್ಜಪ್ಪ ತಲೆ ತಗ್ಗಿಸಿ, ‘ಯಾವ ಬಾಯಲ್ಲಿ ಹೇಳದು ಅಕ್ಕಾ’ ಎಂದರು.

ನೀನು ಅವರು ಎಸ್ಸೆಸ್ಸೆಲ್ಸಿ ಎಂದು ಬರೆದಿದ್ದೆ. ನಾನು ನಿನ್ನನ್ನು ಬಯ್ಯಲು ಕಾಗದ ಬರೆಯುತ್ತಿಲ್ಲ. ಆದರೆ ನಿಜ ಬರೆದಿದ್ದರೆ ನಾನು ಬೇರೆ ದಾರಿ ಹುಡುಕುತ್ತಿದ್ದೆ.

ಆಮೇಲೆ ಅವರು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ. ನನ್ನ ಹತ್ತಿರ ಬಂದು ಕೇಳಿದರು: ‘ಚೀಲಕ್ಕೆ ಹೋಗಿದ್ದಲ್ಲನಾ ಅವ? ಕೂಸು ನೋಡೋಕೆ ಹೋಗಿದ್ನಾ? ನೋಡಿದ್ನಾ ಹಂಗಾರೆ? ಕೂಸು ಸಿಕ್ತಾ ಅವಂಗೆ?’

ನನಗೆ ಗೊತ್ತಿಲ್ಲ ಎಂದೆ. ನಿನ್ನ ತಂದೆಯನ್ನು ಕೇಳಿದರು. ಅವರಿಗೂ ಗೊತ್ತಿರಲಿಲ್ಲ. ನಿನ್ನ ಪತ್ರಗಳನ್ನು ಮನೆಗೆ ಬಂದು ಮತ್ತೆ ಓದಿದೆ. ಅವನು ಹೊರಟದ್ದು ಬರೆದಿದ್ದೀಯ, ಬಂದ ಹೊತ್ತು, ಹೋದ ಹೊತ್ತು ಬರೆದಿದ್ದೀಯ. ನಡುವಿನದು ಇಲ್ಲ.

ನಿನ್ನ ತಾಯಿ ಹೆಬ್ಬೆಟ್ಟು ಒತ್ತಲಿಲ್ಲ. ‘ಕೂಸು ಹೇಳ್ಲಿ. ಆಮೇಲೆ ಒತ್ತುತೀನಿ, ಆಮೇಲೆ ಆರ್ಸಿ’ ಎಂದರು. ಅವಳಿಗೆ ಬರೆದು ಕೇಳುತ್ತೇನೆ, ಉತ್ತರ ಬಂದರೆ ನಾನೇ ಬಂದು ಓದಿ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅವರು ಹೆಬ್ಬೆಟ್ಟು ಒತ್ತದಿದ್ದರೂ ಗಡುವು ಹದಿಮೂರಕ್ಕೆ ಮುಗಿಯುತ್ತದೆ. ಆ ದಿನ ಲೈನ್‌ಮನ್ ಬಂದು ವೈರು ಕತ್ತರಿಸುತ್ತಾನೆ. ಕತ್ತರಿಸಿದ ಮೇಲೆ ಉತ್ತರ ಬಂದರೆ ಏನು ಪ್ರಯೋಜನ.

ನಿನ್ನ ಹೆಸರನ್ನು ನಾನು ಎಲ್ಲಿಯೂ ಹೇಳಿಲ್ಲ. ‘ತಂಗಿ’ ಎಂದು ಬೋರ್ಡಿನಲ್ಲೇ ಇತ್ತು.

ಯಶೋಧರಾ


ಶಿಕಾರಿಪುರ
9 ಜನವರಿ 2025

ಅಕ್ಕಾ,

ಮೇಡಂ ಎಂದು ಬರೆದು ಹೊಡೆದು ಹಾಕಿದೆ, ಸಾರಿ.

ಹಾಸ್ಟೆಲಿನ ಅಡ್ಮಿಷನ್ ಫಾರಂನಲ್ಲಿ ತಾಯಿಯ ವಿದ್ಯಾಭ್ಯಾಸ ಎಂಬ ಕಡೆ ಎಸ್ಸೆಸ್ಸೆಲ್ಸಿ ಎಂದು ಬರೆದಿದ್ದೆ. ಪಕ್ಕದವಳ ಫಾರಂನಲ್ಲಿ ಎಂ.ಎ. ಎಂದಿತ್ತು. ಒಮ್ಮೆ ಬರೆದದ್ದನ್ನು ನಿಮಗೂ ಬರೆದೆ. ಅವ್ವನಿಗೆ ಓದು ಬರುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ನಾಲ್ಕು ತಿಂಗಳಲ್ಲಿ ಯಾರೋ ಹೇಳಿರುತ್ತಾರೆ, ಎಲ್ಲ ಗೊತ್ತಿದ್ದೇ ಸುಮ್ಮನಿದ್ದಾಳೆ, ನನ್ನ ಮೇಲಿನ ಸಿಟ್ಟಿಗೆ ಸುಮ್ಮನಿದ್ದಾಳೆ ಎಂದುಕೊಂಡಿದ್ದೆ. ಅವಳಿಗೆ ಗೊತ್ತಾಗಬಾರದು ಎಂದು ಅಣ್ಣ ಅದನ್ನು ಇಡೀ ರಸ್ತೆಗೆ ಕಾಣುವ ಹಾಗೆ ಬರೆದು ಹೋಗಿದ್ದ. ಅವ್ವ ಓದುವುದಿಲ್ಲ ಎಂಬ ಧೈರ್ಯ ಅವನಿಗೂ ಇತ್ತು, ಆದರೆ ಅವನಿಗೆ ಅದರಲ್ಲಿ ನಾಚಿಕೆ ಇರಲಿಲ್ಲ.

ಕೆಳಗಿನದನ್ನು ಅವ್ವನಿಗೆ ಓದಿ. ನಡುವೆ ಏನೂ ಬಿಡಬೇಡಿ. ನಿಮ್ಮ ಮಹಜರನ್ನು ಓದಿದ ಹಾಗೆ ಪೂರ್ತಿ ಓದಿ.

ಅವ್ವಾ,

ಅವತ್ತು ಬೆಳಿಗ್ಗೆ ನಾನೇ ಅಣ್ಣಂಗೆ ಫೋನ್ ಮಾಡಿ ಅತ್ತಿದ್ದು. ‘ಇಲ್ಲಿ ಇರಕಾಗಲ್ಲ, ಬಂದು ಕರ್ಕಂಡು ಹೋಗು’ ಅಂದೆ. ಇಲ್ಲಿ ಹುಡುಗೀರು ನನ್ನ ಇಂಗ್ಲಿಷಿಗೆ ನಗ್ತಿದ್ರು. ‘ಮಧ್ಯಾಹ್ನಕ್ಕೆ ಬರ್ತೀನಿ ಕೂಸೇ, ಅಳಬ್ಯಾಡ’ ಅಂದ.

ಮಧ್ಯಾಹ್ನದ ಹೊತ್ತಿಗೆ ಅದೇ ಹುಡುಗೀರು ನನ್ನ ಡ್ಯಾನ್ಸಿಗೆ ಸೇರಿಸ್ಕಂಡ್ರು. ಎರಡನೇ ಮಹಡಿ ಜಗಲೀಲಿ ಎಲ್ಲ ನಿಂತಿದ್ವಿ, ನಗ್ತಿದ್ವಿ. ಬೆಳಿಗ್ಗೆ ಅತ್ತಿದ್ದು ನನಗೇ ಮರೆತು ಹೋಗಿತ್ತು. ತಡವಾಗಿ ಐದೂವರೆಗೆ ಅಣ್ಣ ಬಂದ. ನರ್ಸರಿ ಅಂಗೀಲೇ ಬಂದಿದ್ದ, ಮೊಣಕಾಲ ತಂಕ ಕೆಮ್ಮಣ್ಣು. ಕೈಯಲ್ಲಿ ಒಂದು ಕರಿಬೇವಿನ ಸಸಿ. ಗೇಟಿನ ಹತ್ರ ನಿಂತಿದ್ದ. ಒಬ್ಬಳು ಕೇಳಿದ್ಲು, ‘ಯಾರೇ ಅದು, ಹೊಸ ಗಾರ್ಡನರ್ರಾ?’ ನಾನು ಸುಮ್ಮನಿದ್ದೆ ಅವ್ವಾ. ಅಣ್ಣ ಅಂತ ಹೇಳ್ಲಿಲ್ಲ.

ವಿನೋದಕ್ಕ ಮೇಲೆ ಬಂದು, ‘ನಿಮ್ಮಣ್ಣ ಬಂದಾನ, ಹತ್ತು ನಿಮಿಷ ಹೋಗಿ ಬಾ’ ಅಂದ್ರು. ನಾನು ಅವರನ್ನ ಮೆಟ್ಟಿಲ ಹತ್ರ ಕರ್ಕಂಡು ಹೋಗಿ, ಮೆಲ್ಲಗೆ, ‘ಈಗ ಪ್ರಾಕ್ಟೀಸ್ ಇದೆ. ನಾಳೆ ಬಾ ಅಂತ ಹೇಳಿ’ ಅಂದೆ.

ನಾಳೆ ಬಾ ಅಂದವಳು ನಾನು. ಬೋರ್ಡಲ್ಲ.

ಅವ್ವಾ, ನೀನು ಕೇಳಿದ್ಯಂತೆ, ಕೂಸು ಸಿಕ್ತಾ ಅಂತ. ಅಣ್ಣ ತಲೆ ಎತ್ತಿ ಮೇಲೆ ನೋಡ್ದ. ಅಷ್ಟು ಹುಡುಗೀರಲ್ಲಿ ನಾನು ಎಲ್ಲಿದೀನಿ ಅಂತ ಅವಂಗೆ ತಕ್ಷಣ ಗೊತ್ತಾತು. ನಾನು ನಗ್ತಾ ಇದ್ದಿದ್ದೂ ಕಾಣ್ತು. ಕೈ ಎತ್ತಿದ. ಸಿಟ್ಟು ಮಾಡ್ಕಂಡಿರಲಿಲ್ಲ, ನಾನು ಅಳ್ತಾ ಇಲ್ಲ ಅಂತ ಸಮಾಧಾನ ಆದಂಗಿತ್ತು ಅವನ ಮುಖ. ನಾನು ಕಾಣದವಳಂಗೆ ಗೋಡೆ ಕಡೆ ತಿರುಗಿದೆ. ಮತ್ತೆ ತಿರುಗಿ ನೋಡುವಾಗ ಗೇಟಿನ ಹತ್ರ ಯಾರೂ ಇರ್ಲಿಲ್ಲ.

ಅವ ನನ್ನ ನೋಡ್ದ ಅವ್ವಾ. ನಾನೇ ಅವನ್ನ ನೋಡ್ಲಿಲ್ಲ.

ಸಸಿ ವಿನೋದಕ್ಕನ ಕೈಗೆ ಕೊಟ್ಟು ಹೋಗಿದ್ದ. ನಲ್ಲಿ ಹತ್ರ ನೆಟ್ಟಿದಾರೆ, ನನ್ನ ಮೊಣಕಾಲ ತಂಕ ಬಂದಿದೆ. ಅಡಿಗೆಯವರು ಒಂದೊಂದು ದಿನ ಅದರಿಂದಲೂ ಕಿತ್ಕತಾರೆ. ನಾನು ಸಾರಲ್ಲಿ ಸಿಕ್ಕಿದ ಎಲೆ ತೆಗೆದಿಡಲ್ಲ, ತಿಂತೀನಿ.

ನೀನು ಬಾ ಅಂದ್ರೆ ಬರ್ತೀನಿ. ಬ್ಯಾಡ ಅಂದ್ರೆ ಇಲ್ಲೇ ಇರ್ತೀನಿ.

ನಿನ್ನ ಕೂಸು

ಅಕ್ಕಾ, ಇಷ್ಟೇ. ಇದನ್ನು ಅಂಚೆಗೆ ಹಾಕುತ್ತಿಲ್ಲ. ಇವತ್ತಿನ ಸೊರಬದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ, ಹದಿಮೂರರ ಒಳಗೆ ನಿಮಗೆ ಸಿಗಬೇಕು. ಓದಿ ಮುಗಿಸಿದ ಮೇಲೆ ಕೆಳಗೆ ‘ಓದಿ ಹೇಳಲಾಯಿತು’ ಎಂದು ಬರೆಯಿರಿ. ಅವ್ವ ಹೆಬ್ಬೆಟ್ಟು ಒತ್ತಿದಳೋ ಇಲ್ಲವೋ, ಬೋರ್ಡು ಆರಿತೋ ಇಲ್ಲವೋ, ಅವಳು ನನ್ನನ್ನು ಬಾ ಅಂದಳೋ ಇಲ್ಲವೋ, ಏನೇ ಆಗಿದ್ದರೂ ಅದೇ ದಿನ ಎರಡು ಸಾಲು ಬರೆಯಿರಿ. ನಾಳೆ ಬರೆದರಾಯಿತು ಅನ್ನಬೇಡಿ. ದಯವಿಟ್ಟು ಬೇಗ ಉತ್ತರ ಕೊಡಿ.

ದಿವ್ಯ